ನೆಕ್ಸ್ಟ್ ಒತ್ತುವ ಕೆಲಸ ಕಂಪ್ಯೂಟರಿಗೇ ಬಿಡಿ: ಕಮಾಂಡ್ ಲೈನಿನಿಂದ ಲ್ಯಾಬಿಗೆಲ್ಲ ಸಾಫ್ಟ್‌ವೇರ್ ಹಾಕುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯ ನವನಗರದಲ್ಲಿ ನಾನು ನೋಡಿಕೊಳ್ಳುವ ಒಂದು ತರಬೇತಿ ಕೇಂದ್ರದ ಲ್ಯಾಬಿನಲ್ಲಿ 24 ಕಂಪ್ಯೂಟರುಗಳಿವೆ. ಮೊದಲ ವರ್ಷ ಹೊಸ ಬ್ಯಾಚು ಶುರುವಾಗುವ ಹಿಂದಿನ ಭಾನುವಾರ ನಾನೂ ಅಲ್ಲಿಯ ಹುಡುಗನೂ ಒಂದೊಂದು ರಿವಾಲ್ವಿಂಗ್ ಚೇರ್ ಹಿಡಿದೆವು. ಒಂದು ಮಶಿನ್ನಿನಲ್ಲಿ ನೆಕ್ಸ್ಟ್ ಒತ್ತುವುದು, ಕಾಲಿನಿಂದ ನೆಲ ತಳ್ಳಿ ಪಕ್ಕದ್ದಕ್ಕೆ ಜಾರುವುದು, ಅಲ್ಲಿ ನೆಕ್ಸ್ಟ್ ಒತ್ತುವುದು. ಮುಂಜಾನೆ ಹತ್ತಕ್ಕೆ ಹಿಡಿದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಸೋಮವಾರ ನೋಡಿದರೆ ಮೂರು ಮಶಿನ್ನಿನಲ್ಲಿ ಪೈಥಾನ್ ಇಲ್ಲ, ಎರಡರಲ್ಲಿ ಯಾವುದೋ ಬೇಡದ ಟೂಲ್‌ಬಾರ್ ಬಂದು ಕೂತಿದೆ. ನೂರನೇ ಸಲ ನೆಕ್ಸ್ಟ್ ಒತ್ತುವವನು ಪರದೆ ಓದುವುದಿಲ್ಲ, ಅಷ್ಟೇ.

ಈಗ ಅದೇ ಕೆಲಸಕ್ಕೆ ಮಶಿನ್ನಿಗೊಂದು ಕ್ಲಿಕ್ ಸಾಕು, ಉಳಿದದ್ದು ತಾನೇ ಆಗುತ್ತದೆ. ಆದರೆ ಇದನ್ನು ಕಲಿಯುವವರೆಲ್ಲ ಒಂದು ಕಡೆ ಎಡವುತ್ತಾರೆ. ಸೈಲೆಂಟ್ ಸ್ವಿಚ್, ಅಂದರೆ ಏನೂ ಕೇಳದೆ ಹಾಕು ಎಂದು ಕಮಾಂಡಿಗೆ ಸೇರಿಸುವ ಪದ, ಹಾಕಿದರೆ ಇನ್‌ಸ್ಟಾಲರ್ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ, ನಿಜ. ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಯಾರು? ನೀವು ಕೊಡದಿದ್ದರೆ ಅದು ತನಗೆ ತಿಳಿದದ್ದನ್ನು ಹಾಕಿಕೊಳ್ಳುತ್ತದೆ, ಇಲ್ಲವೇ ಕಾಣದ ಕಿಟಕಿಯೊಂದನ್ನು ತೆರೆದು ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ಹಾಗಾಗಿ ಕೆಲಸ ಎರಡು: ಉತ್ತರಗಳನ್ನು ಮೊದಲೇ ಬರೆದಿಡುವುದು, ಆದಮೇಲೆ ಏನಾಯಿತೆಂದು ಕೇಳಿ ತಿಳಿಯುವುದು.

ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಪದದ ಇಂಗ್ಲಿಷ್ ಅಕ್ಷರ ಒತ್ತಬೇಕು. ಗೆರೆ, ಚುಕ್ಕೆ, ಉದ್ಧರಣ ಚಿಹ್ನೆಗಳು ಇದ್ದದ್ದು ಇದ್ದ ಹಾಗೆ.

ಮೊದಲು ಫೈಲು ಸರಿ ಇರಲಿ

ಲಿಬ್ರೆಆಫೀಸಿನ ಇನ್‌ಸ್ಟಾಲರ್ ಸುಮಾರು 350 ಎಂಬಿ. ಪ್ರತಿ ಮಶಿನ್ನಿನಲ್ಲೂ ಬೇರೆ ಬೇರೆ ಡೌನ್‌ಲೋಡ್ ಮಾಡಿದರೆ 24 ಮಶಿನ್ನಿಗೆ ಎಂಟು ಜಿಬಿ ದಾಟುತ್ತದೆ. ಒಂದೇ ಸಲ ಇಳಿಸಿ ಒಂದು ಫೋಲ್ಡರಿನಲ್ಲಿಡಿ. ಆಯಾ ಸಾಫ್ಟ್‌ವೇರ್ ಮಾಡಿದವರ ಸ್ವಂತ ತಾಣದಿಂದಲೇ ಇಳಿಸಿ. ಗೂಗಲ್‌ನಲ್ಲಿ ಮೊದಲು ಕಂಡ ಜಾಹೀರಾತಿನಿಂದ ಇಳಿಸಿದ್ದಕ್ಕೇ ನಮಗೆ ಆ ಟೂಲ್‌ಬಾರ್ ಬಂದದ್ದು. ಆನ್‌ಲೈನ್, ಆಫ್‌ಲೈನ್ ಎಂದು ಎರಡು ಬಗೆಯ ಇನ್‌ಸ್ಟಾಲರ್ ಇದ್ದರೆ ಆಫ್‌ಲೈನ್ ತಗೊಳ್ಳಿ. ಆನ್‌ಲೈನಿನದ್ದು ನೋಡಲು ಎರಡು ಎಂಬಿ, ಓಡಿಸಿದಾಗ ನೆಟ್ ಕೇಳುತ್ತದೆ.

ಇಳಿಸಿದ ಫೈಲು ಪೂರ್ತಿ ಬಂದಿದೆಯೇ ಎಂದು ನೋಡಲು:

ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್ ಲಿಬ್ರೆ.ಎಂಎಸ್‌ಐ ಎಸ್‌ಎಚ್‌ಎ256

ಬಂದ ಉದ್ದನೆಯ ಸಾಲಿಗೆ ಹ್ಯಾಶ್ ಎನ್ನುತ್ತಾರೆ. ಅದು ತಾಣದಲ್ಲಿ ಕೊಟ್ಟ ಸಾಲಿಗೆ ಹೊಂದಬೇಕು. ಇನ್ನೊಂದು ವಿಷಯ: ಇಂಟರ್ನೆಟ್ಟಿನಿಂದ ಬಂದ ಫೈಲಿನ ಮೇಲೆ ವಿಂಡೋಸ್ ಒಂದು ಕಾಣದ ಗುರುತು ಹಾಕಿರುತ್ತದೆ. ಆ ಗುರುತಿದ್ದರೆ ಓಡಿಸುವಾಗ 'ಈ ಫೈಲು ನಂಬಬಹುದೇ?' ಎಂಬ ಕಿಟಕಿ ಬರುತ್ತದೆ, ನಿಮ್ಮ ಸೈಲೆಂಟ್ ಕೆಲಸ ಅಲ್ಲೇ ನಿಲ್ಲುತ್ತದೆ. ಹ್ಯಾಶ್ ಹೊಂದಿದ ಮೇಲೆ ಪವರ್‌ಶೆಲ್‌ನಲ್ಲಿ ಅನ್‌ಬ್ಲಾಕ್-ಫೈಲ್ ಎಂದು ಕೊಟ್ಟು ಫೈಲಿನ ಹೆಸರು ಬರೆದರೆ ಗುರುತು ಹೋಗುತ್ತದೆ.

ಎಂಎಸ್‌ಐ ಇದ್ದರೆ ಅರ್ಧ ಕೆಲಸ ಮುಗಿದಂತೆ

ಫೈಲಿನ ಹೆಸರು ಎಂಎಸ್‌ಐ ಎಂದು ಮುಗಿದರೆ ಅದನ್ನು ಹಾಕುವುದು ವಿಂಡೋಸ್‌ನದೇ ಯಂತ್ರ. ಯಾವ ಕಂಪನಿಯ ಎಂಎಸ್‌ಐ ಆದರೂ ಸ್ವಿಚ್ಚುಗಳು ಒಂದೇ. ಅದಕ್ಕೇ ತಾಣದಲ್ಲಿ ಎರಡೂ ಬಗೆ ಇದ್ದರೆ ನಾನು ಇಎಕ್ಸ್‌ಇ ಕಡೆ ತಿರುಗಿಯೂ ನೋಡುವುದಿಲ್ಲ.

ಎಂಎಸ್‌ಐಎಕ್ಸೆಕ್ /ಐ ಲಿಬ್ರೆ.ಎಂಎಸ್‌ಐ /ಕ್ಯೂಎನ್ /ನೋರೀಸ್ಟಾರ್ಟ್ /ಎಲ್*ವಿ ಸಿ:\ಲಾಗ್\ಲಿಬ್ರೆ.ಲಾಗ್

ಇದರಲ್ಲಿ ಐ ಎಂದರೆ ಇನ್‌ಸ್ಟಾಲ್. ಕ್ಯೂಎನ್ ಎಂದರೆ ಪರದೆಯ ಮೇಲೆ ಏನೂ ತೋರಿಸಬೇಡ ಎಂದು. ನೋರೀಸ್ಟಾರ್ಟ್ ಬರೆಯದಿದ್ದರೆ ಕೆಲವು ಪ್ಯಾಕೇಜುಗಳು ಹೇಳದೆ ಕೇಳದೆ ಕಂಪ್ಯೂಟರನ್ನು ಮರುಚಾಲನೆ ಮಾಡಿಬಿಡುತ್ತವೆ, ಹಿಂದೆ ಸರತಿಯಲ್ಲಿ ಕಾಯುತ್ತಿದ್ದ ಐದು ಸಾಫ್ಟ್‌ವೇರ್ ಅಲ್ಲೇ ಉಳಿಯುತ್ತವೆ. ಕೊನೆಯದು ಲಾಗ್, ಅಂದರೆ ಏನೇನಾಯಿತೆಂಬ ದಾಖಲೆ. ಅದನ್ನು ಬರೆಸಲು ಆಲಸ್ಯ ಮಾಡಬೇಡಿ. ಸಿ ಡ್ರೈವಿನಲ್ಲಿ ಲಾಗ್ ಎಂಬ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು, ಎಂಎಸ್‌ಐಎಕ್ಸೆಕ್ ತಾನಾಗಿ ಮಾಡುವುದಿಲ್ಲ. ಹೊಸದಾಗಿ ಪರೀಕ್ಷೆ ಮಾಡುವಾಗ ಕ್ಯೂಎನ್ ಬದಲು ಕ್ಯೂಬಿ ಹಾಕಿ. ಪ್ರಶ್ನೆ ಕೇಳುವುದಿಲ್ಲ, ಆದರೆ ಎಷ್ಟು ಮುಗಿಯಿತೆಂಬ ಪಟ್ಟಿ ಕಾಣುತ್ತದೆ, ಜೀವಕ್ಕೆ ಸಮಾಧಾನ.

ಇನ್ನು ಉತ್ತರಗಳು. ಎಂಎಸ್‌ಐಗೆ ಉತ್ತರ ಕೊಡುವುದು ಹೆಸರು, ಸಮ ಚಿಹ್ನೆ, ಬೆಲೆ ಎಂಬ ಜೋಡಿಗಳಿಂದ. ಲಿಬ್ರೆಆಫೀಸಿಗೆ ಕನ್ನಡ ಮೆನು ಬೇಕಿದ್ದರೆ ಮೇಲಿನ ಸಾಲಿನ ಕೊನೆಗೆ ಇದನ್ನು ಸೇರಿಸುತ್ತೇನೆ:

ಯುಐ_ಲ್ಯಾಂಗ್ಸ್=ಇಎನ್_ಯುಎಸ್,ಕೆಎನ್ ರಿಜಿಸ್ಟರ್_ಆಲ್_ಎಂಎಸ್‌ಒ_ಟೈಪ್ಸ್=1

ಸಮ ಚಿಹ್ನೆಯ ಎಡಕ್ಕಿರುವ ಹೆಸರೆಲ್ಲ ದೊಡ್ಡಕ್ಷರದಲ್ಲಿರಬೇಕು, ಚಿಹ್ನೆಯ ಎರಡೂ ಬದಿಗೆ ಜಾಗ ಬಿಡಬಾರದು. ಎರಡನೆಯ ಜೋಡಿ ವರ್ಡ್, ಎಕ್ಸೆಲ್ ಫೈಲುಗಳನ್ನು ಲಿಬ್ರೆಆಫೀಸಿನಲ್ಲೇ ತೆರೆಯುವಂತೆ ಮಾಡುತ್ತದೆ. ಮೈಕ್ರೋಸಾಫ್ಟ್ ಆಫೀಸ್ ಇರುವ ಮಶಿನ್ನಿಗೆ ಅದನ್ನು ಹಾಕಬೇಡಿ, ಆಫೀಸಿನವರು ಮರುದಿನವೇ ಫೋನ್ ಮಾಡುತ್ತಾರೆ.

ಇಎಕ್ಸ್‌ಇ: ಇದು ಯಾರ ಮನೆಯದು?

ಇಎಕ್ಸ್‌ಇ ಫೈಲಿಗೆ ಒಂದೇ ನಿಯಮ ಇಲ್ಲ. ಅದನ್ನು ಕಟ್ಟಿದ ಉಪಕರಣ ಯಾವುದೋ ಅದರ ಸ್ವಿಚ್ಚೇ ನಡೆಯುತ್ತದೆ. ಮೊದಲು ಫೈಲಿನ ಹೆಸರಾದ ಮೇಲೆ /? ಹಾಕಿ ಓಡಿಸಿ ನೋಡಿ. ಎಷ್ಟೋ ಇನ್‌ಸ್ಟಾಲರ್‌ಗಳು ತಮ್ಮ ಸ್ವಿಚ್ಚುಗಳನ್ನು ತಾವೇ ಹೇಳಿಬಿಡುತ್ತವೆ. ಹೇಳದಿದ್ದರೆ 7-ಜಿಪ್‌ನಿಂದ ಆ ಫೈಲನ್ನು ತೆರೆಯಿರಿ. ಒಳಗೆ ಡಾಲರ್ ಚಿಹ್ನೆಯಿಂದ ಶುರುವಾಗುವ ಪ್ಲಗಿನ್ಸ್‌ಡಿರ್ ಎಂಬ ಫೋಲ್ಡರ್ ಕಂಡರೆ ಅದು ಎನ್‌ಎಸ್‌ಐಎಸ್ ಎಂಬ ಉಪಕರಣದಲ್ಲಿ ಕಟ್ಟಿದ್ದು.

ಎನ್‌ಎಸ್‌ಐಎಸ್ ಫೈಲಿಗೆ /ಎಸ್ ಸಾಕು, ಆದರೆ ಆ ಎಸ್ ದೊಡ್ಡಕ್ಷರವೇ ಆಗಬೇಕು. ಚಿಕ್ಕದು ಕೊಟ್ಟರೆ ಕಿಟಕಿ ತೆರೆದುಕೊಳ್ಳುತ್ತದೆ. ನಾನು ಇದಕ್ಕೆ ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಬೇರೆ ಫೋಲ್ಡರಿಗೆ ಹಾಕಬೇಕಿದ್ದರೆ /ಡಿ= ಎಂದು ದಾರಿ ಬರೆಯಬೇಕು. ಅದು ಸಾಲಿನ ಕಟ್ಟಕಡೆಗೇ ಇರಬೇಕು, ದಾರಿಯಲ್ಲಿ ಖಾಲಿ ಜಾಗವಿದ್ದರೂ ಉದ್ಧರಣ ಚಿಹ್ನೆ ಹಾಕಬಾರದು. ಉಳಿದೆಲ್ಲ ಕಡೆ ಹಾಕಲೇಬೇಕಾದದ್ದು ಇಲ್ಲಿ ಮಾತ್ರ ಹಾಕಬಾರದು!

ಇನ್ನೋ ಸೆಟಪ್‌ನಲ್ಲಿ ಕಟ್ಟಿದ್ದಕ್ಕೆ:

/ವೆರಿಸೈಲೆಂಟ್ /ಸಪ್ರೆಸ್ಎಂಎಸ್‌ಜಿಬಾಕ್ಸಸ್ /ನೋರೀಸ್ಟಾರ್ಟ್

ಬರೀ ಸೈಲೆಂಟ್ ಎಂದು ಬರೆದರೆ ಪ್ರಗತಿಯ ಕಿಟಕಿ ಕಾಣುತ್ತದೆ, ವೆರಿಸೈಲೆಂಟ್ ಎಂದರೆ ಅದೂ ಇಲ್ಲ. ಇನ್ನೋದಲ್ಲಿ ನನಗೆ ಬಹಳ ಹಿಡಿಸಿದ ಸೌಲಭ್ಯ ಬೇರೆ. ಒಂದು ಮಶಿನ್ನಿನಲ್ಲಿ /ಸೇವ್‌ಇನ್ಫ್= ಎಂದು ಒಂದು ಫೈಲಿನ ಹೆಸರು ಕೊಟ್ಟು ಕೈಯಿಂದಲೇ ಹಾಕಿ. ನೀವು ಒತ್ತಿದ ಟಿಕ್ಕುಗಳೆಲ್ಲ ಆ ಫೈಲಿನಲ್ಲಿ ದಾಖಲಾಗುತ್ತವೆ. ಉಳಿದ 23ಕ್ಕೆ /ಲೋಡ್‌ಇನ್ಫ್= ಎಂದು ಅದೇ ಫೈಲು ಕೊಟ್ಟರೆ ಉತ್ತರಗಳು ಅಲ್ಲಿಂದ ಬರುತ್ತವೆ. ಇನ್‌ಸ್ಟಾಲ್‌ಶೀಲ್ಡ್‌ನಲ್ಲೂ ಇಂಥದ್ದಿದೆ: /ಆರ್ ಹಾಕಿ ಓಡಿಸಿದರೆ ವಿಂಡೋಸ್ ಫೋಲ್ಡರಿನಲ್ಲಿ ಸೆಟಪ್.ಐಎಸ್‌ಎಸ್ ಎಂಬ ಉತ್ತರಪತ್ರಿಕೆ ಬೀಳುತ್ತದೆ, ಆಮೇಲೆ /ಎಸ್ ಮತ್ತು /ಎಫ್1 ಜೊತೆ ಅದನ್ನು ಕೊಡಬೇಕು.

ಪೈಥಾನಿನ ಇಎಕ್ಸ್‌ಇ ಇವುಗಳಲ್ಲಿ ಯಾವುದೂ ಅಲ್ಲ, ಅದರದು ಬೇರೆ ದಾರಿ. ಲ್ಯಾಬಿನವರು ಅದನ್ನು ಗಮನವಿಟ್ಟು ನೋಡಬೇಕು. ಬರೀ /ಕ್ವಯಟ್ ಎಂದು ಹಾಕಿದರೆ ಎಲ್ಲ ಸರಿಯಾದಂತೆಯೇ ಕಾಣುತ್ತದೆ. ಮರುದಿನ ವಿದ್ಯಾರ್ಥಿ ತನ್ನ ಲಾಗಿನ್‌ನಿಂದ ಒಳಗೆ ಬಂದು ಪೈಥಾನ್ ಎಂದು ಬರೆದರೆ ಸಿಗುವುದಿಲ್ಲ. ಯಾಕೆಂದರೆ ಅದು ಹಾಕಿದವನ ಖಾತೆಯ ಒಳಗಷ್ಟೇ ಕೂತಿರುತ್ತದೆ, ವಿಂಡೋಸ್ ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿಯಾದ ಪಾತ್‌ಗೂ ಸೇರಿರುವುದಿಲ್ಲ. ನಮ್ಮ ಆ ಮೂರು ಮಶಿನ್ನಿನ ಗುಟ್ಟು ಇದೇ ಆಗಿತ್ತು. ಪೈಥಾನ್ ಇತ್ತು, ನನ್ನ ಖಾತೆಯಲ್ಲಿ ಇತ್ತು. ಸರಿಯಾದ ಸಾಲು:

ಪೈಥಾನ್.ಇಎಕ್ಸ್‌ಇ /ಕ್ವಯಟ್ ಇನ್‌ಸ್ಟಾಲ್‌ಆಲ್‌ಯೂಸರ್ಸ್=1 ಪ್ರಿಪೆಂಡ್‌ಪಾತ್=1 ಇನ್‌ಕ್ಲೂಡ್_ಟೆಸ್ಟ್=0

ಸ್ವಿಚ್ಚುಗಳನ್ನು ಪ್ರಯೋಗ ಮಾಡಲು ವಿಂಡೋಸ್ ಪ್ರೊ ಇದ್ದರೆ ಅದರಲ್ಲಿರುವ ಸ್ಯಾಂಡ್‌ಬಾಕ್ಸ್ ಬಳಸಿ. ಮುಚ್ಚಿದೊಡನೆ ಎಲ್ಲ ಅಳಿಸಿಹೋಗುತ್ತದೆ, ಎಷ್ಟು ಸಲ ಬೇಕಾದರೂ ಹೊಸದಾಗಿ ಹಾಕಿ ನೋಡಬಹುದು. ಹೋಮ್ ಆವೃತ್ತಿಯಲ್ಲಿ ಅದು ಇಲ್ಲ, ಆಗ ಒಂದು ವರ್ಚುವಲ್ ಮಶಿನ್ ಇಟ್ಟುಕೊಳ್ಳಿ.

ಎಲ್ಲವನ್ನೂ ಒಂದು ಬ್ಯಾಚ್ ಫೈಲಿಗೆ ಕಟ್ಟುವುದು

ಬ್ಯಾಚ್ ಫೈಲು ಎಂದರೆ ಕಮಾಂಡುಗಳನ್ನು ಒಂದಾದ ಮೇಲೊಂದು ಓಡಿಸುವ ಫೈಲು. ನೋಟ್‌ಪ್ಯಾಡಿನಲ್ಲಿ ಬರೆದು ಬಿಎಟಿ ಎಂದು ಉಳಿಸಿ. ಚಿಕ್ಕ ರೂಪ ಇಷ್ಟು:

@ಎಕೋ ಆಫ್
ಪುಶ್‌ಡಿ "%~ಡಿಪಿ0"
ಇಫ್ ನಾಟ್ ಎಕ್ಸಿಸ್ಟ್ ಸಿ:\ಲಾಗ್ ಎಂಡಿ ಸಿ:\ಲಾಗ್
ಸ್ಟಾರ್ಟ್ "" /ವೇಟ್ ಎಂಎಸ್‌ಐಎಕ್ಸೆಕ್ /ಐ ಲಿಬ್ರೆ.ಎಂಎಸ್‌ಐ /ಕ್ಯೂಎನ್ /ನೋರೀಸ್ಟಾರ್ಟ್ /ಎಲ್*ವಿ ಸಿ:\ಲಾಗ್\ಲಿಬ್ರೆ.ಲಾಗ್
ಎಕೋ ಲಿಬ್ರೆ %ಎರರ್‌ಲೆವೆಲ್% >> ಸಿ:\ಲಾಗ್\%ಕಂಪ್ಯೂಟರ್‌ನೇಮ್%.ಟಿಎಕ್ಸ್‌ಟಿ

ಕೊನೆಯ ಎರಡು ಸಾಲನ್ನು ಪ್ರತಿ ಸಾಫ್ಟ್‌ವೇರಿಗೂ ಮತ್ತೆ ಬರೆಯಬೇಕು. ಎರಡನೆಯ ಸಾಲು ಯಾಕೆ? ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಬ್ಯಾಚ್ ಫೈಲು ತಾನಿರುವ ಫೋಲ್ಡರಿನಲ್ಲಿ ನಿಲ್ಲುವುದಿಲ್ಲ, ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಲಿಬ್ರೆ.ಎಂಎಸ್‌ಐ ಎಲ್ಲಿಂದ ಬರಬೇಕು? ಪುಶ್‌ಡಿ ಸಾಲು ಅದನ್ನು ಸ್ವಂತ ಮನೆಗೆ ಕರೆದು ತರುತ್ತದೆ.

ಸ್ಟಾರ್ಟ್ ಪದದ ಮುಂದಿನ ಖಾಲಿ ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ. ಸ್ಟಾರ್ಟ್ ಮೊದಲು ಕಂಡ ಉದ್ಧರಣದ ಒಳಗಿನದನ್ನು ಕಿಟಕಿಯ ತಲೆಬರಹ ಎಂದು ತಿಳಿಯುತ್ತದೆ. ವೇಟ್ ಇರುವುದು ಒಂದು ಮುಗಿದ ಮೇಲೆಯೇ ಇನ್ನೊಂದು ಶುರುವಾಗಲಿ ಎಂದು.

ಕೊನೆಯ ಸಾಲು ಇನ್‌ಸ್ಟಾಲರ್ ಮುಗಿಯುವಾಗ ಕೊಟ್ಟ ಸಂಖ್ಯೆಯನ್ನು ಮಶಿನ್ನಿನ ಹೆಸರಿನ ಫೈಲಿಗೆ ಬರೆಯುತ್ತದೆ. ಅದರಲ್ಲಿ ನನಗಾದ ಫಜೀತಿ ಹೇಳಲೇಬೇಕು. ನಾನು ಮೊದಲು %ಎರರ್‌ಲೆವೆಲ್% ಮತ್ತು >> ನಡುವೆ ಜಾಗ ಬಿಟ್ಟಿರಲಿಲ್ಲ. ಓಡಿಸಿ ಬಂದು ಫೈಲು ತೆಗೆದರೆ ತಪ್ಪಾದ ಸಾಫ್ಟ್‌ವೇರಿನ ಹೆಸರಷ್ಟೇ ಇದೆ, ಸರಿಯಾದದ್ದು ಒಂದೂ ಇಲ್ಲ. ಪಕ್ಕದಲ್ಲಿದ್ದ ಹುಡುಗ, "ಸರ, ಚಲೋ ಆದವು ಎಲ್ಲಿ ಹೋದ್ವು ರೀ?" ಅಂದ. ಕಾರಣ ಇಷ್ಟೇ: ಸರಿಯಾದರೆ ಬರುವ ಸಂಖ್ಯೆ 0. ಅದು >> ಗೆ ಅಂಟಿದರೆ 0>> ಆಗುತ್ತದೆ. ವಿಂಡೋಸ್ ಅದನ್ನು ಬರೆಯಬೇಕಾದ ಸಂಖ್ಯೆ ಎಂದು ತಿಳಿಯುವುದಿಲ್ಲ, ಸೊನ್ನೆಯ ಕೊಳವೆಯನ್ನು ಆ ಫೈಲಿಗೆ ತಿರುಗಿಸು ಎಂದು ತಿಳಿಯುತ್ತದೆ. 1603ರಂಥ ನಾಲ್ಕಂಕಿಯ ಸಂಖ್ಯೆಗೆ ಈ ತೊಂದರೆ ಇಲ್ಲ. ಹಾಗಾಗಿ ತಪ್ಪುಗಳು ಮಾತ್ರ ದಾಖಲಾಗಿದ್ದವು. ಒಂದು ಖಾಲಿ ಜಾಗದ ಬೆಲೆ!

ಫಲಿತಾಂಶದ ಫೈಲುಗಳನ್ನು ಸರ್ವರಿನ ಹಂಚಿಕೆ ಫೋಲ್ಡರಿಗೆ ಬರೆಸಬಹುದು, ಆದರೆ ಆಗಲೂ ಮಶಿನ್ನಿಗೊಂದು ಫೈಲು ಇರಲಿ. 24 ಮಶಿನ್ ಒಂದೇ ಫೈಲಿಗೆ ಒಮ್ಮೆಲೇ ಬರೆಯಹೋದರೆ ಕೆಲವಕ್ಕೆ ಬಾಗಿಲು ಮುಚ್ಚಿರುತ್ತದೆ, ಅವುಗಳ ಸಾಲು ಬರುವುದೇ ಇಲ್ಲ.

ಸಂಖ್ಯೆಗಳು ಏನು ಹೇಳುತ್ತವೆ

0 ಬಂದರೆ ಆಯಿತು. 3010 ಬಂದರೂ ಆಯಿತು, ಆದರೆ ಒಮ್ಮೆ ರೀಸ್ಟಾರ್ಟ್ ಬೇಕು. ಹೊಸಬರು 3010 ನೋಡಿ ಗಾಬರಿಯಾಗಿ ಮತ್ತೆ ಹಾಕುತ್ತಾರೆ, ಬೇಕಿಲ್ಲ. 1641 ಎಂದರೆ ರೀಸ್ಟಾರ್ಟ್ ಶುರುವೇ ಆಗಿದೆ. 1619 ಬಂದರೆ ಪ್ಯಾಕೇಜು ತೆರೆಯಲಾಗಲಿಲ್ಲ. ಬಹುಪಾಲು ಸಲ ದಾರಿಯೋ ಹೆಸರೋ ತಪ್ಪಿರುತ್ತದೆ.

1618 ನಮ್ಮ ಲ್ಯಾಬಿಗೆ ಹಳೆಯ ನೆಂಟ. ಇನ್ನೊಂದು ಇನ್‌ಸ್ಟಾಲ್ ನಡೆದಿದೆ, ಕಾಯಿರಿ ಎಂದು ಅರ್ಥ. ಎಂಎಸ್‌ಐ ಯಂತ್ರ ಒಂದು ಸಲಕ್ಕೆ ಒಂದನ್ನೇ ಹಾಕುತ್ತದೆ. ರಜೆ ಮುಗಿದು ಮಶಿನ್ ಚಾಲೂ ಮಾಡಿದ ದಿನ ಹಿನ್ನೆಲೆಯಲ್ಲಿ ಯಾವುದಾದರೂ ಅಪ್‌ಡೇಟ್ ಕೂತಿರುವುದು ಖಾತ್ರಿ. ಚಾಲೂ ಮಾಡಿ, ಅಪ್‌ಡೇಟ್ ಮುಗಿಯಲು ಬಿಟ್ಟು, ರೀಸ್ಟಾರ್ಟ್ ಮಾಡಿ, ಆಮೇಲೆ ನಿಮ್ಮ ಬ್ಯಾಚ್ ಫೈಲು ಓಡಿಸಿ.

1603 ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ವೈದ್ಯರು 'ಜ್ವರ ಇದೆ' ಎಂದಷ್ಟೇ ಹೇಳಿದ ಹಾಗೆ. ಈಗ ಲಾಗ್ ತೆರೆಯಿರಿ. ಸಾವಿರಾರು ಸಾಲು ಇರುತ್ತವೆ, ಓದಲು ಹೋಗಬೇಡಿ. ಕಂಟ್ರೋಲ್ ಎಫ್ ಒತ್ತಿ 'ರಿಟರ್ನ್ ವ್ಯಾಲ್ಯೂ 3' ಎಂದು ಹುಡುಕಿ. ಅದು ಸಿಕ್ಕ ಕಡೆಯಿಂದ ಹತ್ತಿಪ್ಪತ್ತು ಸಾಲು ಮೇಲಕ್ಕೆ ಹೋದರೆ ನಿಜವಾದ ಕಾರಣ ಇರುತ್ತದೆ: ಜಾಗ ಸಾಲದು, ಅನುಮತಿ ಇಲ್ಲ, ಹಳೆಯ ಆವೃತ್ತಿ ಬಿಟ್ಟುಹೋದ ಫೈಲು, ಏನೋ ಒಂದು.

ಈ ಸಂಖ್ಯೆಗಳು ಎಂಎಸ್‌ಐನವು. ಇಎಕ್ಸ್‌ಇಗಳು ತಮ್ಮದೇ ಸಂಖ್ಯೆ ಕೊಡಬಹುದು. ಕೆಲವು ಹೊರಗಿನ ಪೆಟ್ಟಿಗೆ ಬಿಚ್ಚಿ, ಒಳಗಿನದನ್ನು ಓಡಿಸಿ, ತಾವು 0 ಹೇಳಿ ಹೊರಟುಹೋಗುತ್ತವೆ. ಅಂಥವಕ್ಕೆ ಸಂಖ್ಯೆ ನಂಬದೆ, ಹಾಕಿದ ಪ್ರೋಗ್ರಾಮಿನ ಫೈಲು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಇದೆಯೇ ಎಂದು ಇಫ್ ಎಕ್ಸಿಸ್ಟ್ ಸಾಲಿನಿಂದಲೇ ನೋಡಿಸಿ.

ವಿಂಗೆಟ್ ಸಾಕಲ್ಲವೇ?

ಮನೆಯ ಕಂಪ್ಯೂಟರಿಗೆ ಸಾಕು. ವಿಂಗೆಟ್ ಎಂದರೆ ಒಂದು ಕಮಾಂಡಿನಿಂದ ಸಾಫ್ಟ್‌ವೇರ್ ಇಳಿಸಿ ಹಾಕುವ ಉಪಕರಣ, ಮೈಕ್ರೋಸಾಫ್ಟ್‌ನದೇ. 2021ರ ಮೇ ತಿಂಗಳಲ್ಲಿ ಅದರ 1.0 ಆವೃತ್ತಿ ಬಂತು, ವಿಂಡೋಸ್ 10ರ 1809 ಅಥವಾ ಅದಕ್ಕಿಂತ ಹೊಸದರಲ್ಲಿ ನಡೆಯುತ್ತದೆ. ಫೈಲು ಹುಡುಕುವುದು, ಹ್ಯಾಶ್ ನೋಡುವುದು, ಸರಿಯಾದ ಸ್ವಿಚ್ ಹಾಕುವುದು ಎಲ್ಲ ಅದೇ ಮಾಡುತ್ತದೆ.

ವಿಂಗೆಟ್ ಇನ್‌ಸ್ಟಾಲ್ --ಐಡಿ 7ಜಿಪ್.7ಜಿಪ್ -ಇ --ಸೈಲೆಂಟ್ --ಆಕ್ಸೆಪ್ಟ್-ಪ್ಯಾಕೇಜ್-ಅಗ್ರಿಮೆಂಟ್ಸ್ --ಆಕ್ಸೆಪ್ಟ್-ಸೋರ್ಸ್-ಅಗ್ರಿಮೆಂಟ್ಸ್

ಕೊನೆಯ ಎರಡು ಮರೆತರೆ ಮೊದಲ ಸಲ ಅದು ಒಪ್ಪಿಗೆ ಕೇಳುತ್ತ ನಿಲ್ಲುತ್ತದೆ. ಅಂದಹಾಗೆ ಅಲ್ಲಿ ಲೈಸೆನ್ಸ್ ಒಪ್ಪಿದವರು ನೀವೇ, ಕಿಟಕಿ ಕಾಣಲಿಲ್ಲ ಎಂದ ಮಾತ್ರಕ್ಕೆ ಜವಾಬ್ದಾರಿ ತಪ್ಪುವುದಿಲ್ಲ. ವಿಂಗೆಟ್ಟಿನ ಅಡ್ಡಿ ಎಂದರೆ ಪ್ರತಿ ಮಶಿನ್ನೂ ನೆಟ್‌ನಿಂದಲೇ ಇಳಿಸಿಕೊಳ್ಳುತ್ತದೆ. ಒಂದೇ ಬ್ರಾಡ್‌ಬ್ಯಾಂಡಿನ ಮೇಲೆ ಇಡೀ ಲ್ಯಾಬು ನಡೆಯುವ ನಮ್ಮಂಥ ಕಡೆ ಫೋಲ್ಡರು, ಬ್ಯಾಚ್ ಫೈಲೇ ಮೇಲು.

ಉಬುಂಟು ಲ್ಯಾಬಿನಲ್ಲಿ

ವಿಜಯಪುರದ ಒಂದು ಶಾಲೆಯಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಹಾಕಿದ 15 ಮಶಿನ್ ಇವೆ. ಅದರಲ್ಲಿ ಸಾಫ್ಟ್‌ವೇರ್ ಹಾಕುವ ಆಪ್ಟ್-ಗೆಟ್ ಕಮಾಂಡಿಗೆ -ವೈ ಕೊಟ್ಟರೆ ಮುಗಿಯಿತು ಎಂದು ಹೇಳಿಕೊಟ್ಟು ಬಂದಿದ್ದೆ. ಮಧ್ಯಾಹ್ನ ಅಲ್ಲಿಯ ಮೇಷ್ಟ್ರ ಫೋನ್: "ಒಂದ ತಾಸಾತು ರೀ, ಕುಂತಲ್ಲೇ ಕುಂತೈತಿ. ನೇರಳೆ ಬಣ್ಣದ ಪರದೆ ಬಂದೈತಿ." ಯಾವ ಸೇವೆಗಳನ್ನು ಮರುಚಾಲನೆ ಮಾಡಲಿ ಎಂದು ಕೇಳುವ ಪರದೆ ಅದು. -ವೈ ಎಂಬುದು ಆಪ್ಟ್ ಕೇಳುವ ಹೌದು-ಅಲ್ಲ ಪ್ರಶ್ನೆಗೆ ಮಾತ್ರ ಉತ್ತರ. ಪ್ಯಾಕೇಜುಗಳು ತಾವೇ ಕೇಳುವ ಪ್ರಶ್ನೆಗೆ ಬೇರೆ ಉತ್ತರ ಬೇಕು:

ಸುಡೊ ಡೆಬಿಯನ್_ಫ್ರಂಟ್‌ಎಂಡ್=ನಾನ್‌ಇಂಟರ‍್ಯಾಕ್ಟಿವ್ ನೀಡ್‌ರೀಸ್ಟಾರ್ಟ್_ಮೋಡ್=ಎ ಆಪ್ಟ್-ಗೆಟ್ -ವೈ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ ಲಿಬ್ರೆಆಫೀಸ್-ಎಲ್10ಎನ್-ಕೆಎನ್ ಟೆಸೆರಾಕ್ಟ್-ಒಸಿಆರ್-ಕೆಎಎನ್

ಸುಡೊ ಎಂದರೆ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು ಎಂದು. ಎರಡು ಜೋಡಿಗಳೂ ಸುಡೊ ಆದಮೇಲೆಯೇ ಬರಬೇಕು. ಮೊದಲೇ ಎಕ್ಸ್‌ಪೋರ್ಟ್ ಮಾಡಿಟ್ಟರೆ ಸುಡೊ ಸಾಮಾನ್ಯವಾಗಿ ಅದನ್ನು ಒಳಗೆ ಬಿಡುವುದಿಲ್ಲ. ಸಾಲಿನ ಕೊನೆಯ ಮೂರು ಪ್ಯಾಕೇಜುಗಳು ಕನ್ನಡ ಫಾಂಟುಗಳು, ಲಿಬ್ರೆಆಫೀಸಿನ ಕನ್ನಡ ಮೆನು, ಮತ್ತು ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಓದಿ ಅಕ್ಷರ ಮಾಡುವುದಕ್ಕೆ ಬೇಕಾದದ್ದು. ನವಿಲು, ಗುಬ್ಬಿ ಫಾಂಟುಗಳು ಮೊದಲನೆಯದರ ಜೊತೆ ಬರುತ್ತವೆ.

ಪ್ರಶ್ನೆಗೆ ಡೀಫಾಲ್ಟ್ ಉತ್ತರ ಸಾಲದಿದ್ದರೆ ಉತ್ತರವನ್ನು ಮೊದಲೇ ತುಂಬಬಹುದು, ಅದಕ್ಕೆ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಎಂಬ ಕಮಾಂಡಿದೆ. ಏರಿಯಲ್, ಟೈಮ್ಸ್ ನ್ಯೂ ರೋಮನ್ ತರುವ ಮೈಕ್ರೋಸಾಫ್ಟ್ ಫಾಂಟುಗಳ ಪ್ಯಾಕೇಜು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಲೈಸೆನ್ಸ್ ಒಪ್ಪಿಗೆಯನ್ನು ಮೊದಲೇ ತುಂಬದೆ ನಾನ್‌ಇಂಟರ‍್ಯಾಕ್ಟಿವ್ ಎಂದು ಓಡಿಸಿದರೆ ಫಾಂಟುಗಳು ಬರುವುದಿಲ್ಲ.

ಉಬುಂಟುವಿನಲ್ಲೂ 1618ರ ತಮ್ಮನೊಬ್ಬ ಇದ್ದಾನೆ: ಡಿಪಿಕೆಜಿ ಬೀಗ. ಮಶಿನ್ ಚಾಲೂ ಆದ ಹೊಸದರಲ್ಲಿ ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತ ಬೀಗ ಹಾಕಿಕೊಂಡಿರುತ್ತದೆ. ಆ ಬೀಗದ ಫೈಲನ್ನು ಅಳಿಸಿ ಎಂದು ಹೇಳುವವರ ಮಾತು ಕೇಳಬೇಡಿ. -ಒ ಡಿಪಿಕೆಜಿ::ಲಾಕ್::ಟೈಮೌಟ್=300 ಎಂದು ಸೇರಿಸಿದರೆ ಐದು ನಿಮಿಷ ತಾನೇ ಕಾಯುತ್ತದೆ.

ಓಡಿಸುವ ದಿನ

ದೂರದಿಂದಲೇ ಎಲ್ಲ ಮಶಿನ್ನಿಗೆ ಕಮಾಂಡ್ ಕಳಿಸುವ ಉಪಾಯಗಳಿವೆ. ಡೊಮೇನ್, ಅಂದರೆ ಎಲ್ಲ ಮಶಿನ್ನನ್ನೂ ಒಂದು ಸರ್ವರಿನಿಂದ ನಿಭಾಯಿಸುವ ವ್ಯವಸ್ಥೆ, ಇರುವ ದೊಡ್ಡ ಕಾಲೇಜಿಗೆ ಅದು ಸರಿ. ಡೊಮೇನ್ ಇಲ್ಲದ 20-30 ಮಶಿನ್ನಿನ ಲ್ಯಾಬಿಗೆ ಅದನ್ನು ಹೊಂದಿಸಲು ಹೋಗುವ ಸಮಯದಲ್ಲಿ ಪೆನ್‌ಡ್ರೈವ್ ಹಿಡಿದು ಎರಡು ಸುತ್ತು ಹಾಕಬಹುದು. ನಾನು ಹಾಗೇ ಮಾಡುತ್ತೇನೆ: ಮೊದಲ ಸುತ್ತಿನಲ್ಲಿ ಫೋಲ್ಡರನ್ನು ಸಿ ಡ್ರೈವಿಗೆ ನಕಲು ಮಾಡಿ ಬ್ಯಾಚ್ ಫೈಲಿನ ಮೇಲೆ ರೈಟ್ ಕ್ಲಿಕ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಎರಡನೆಯ ಸುತ್ತಿನಲ್ಲಿ ಫಲಿತಾಂಶದ ಫೈಲು ತರುವುದು. ಹಂಚಿಕೆಯ ಡ್ರೈವಿನಿಂದ ನೇರವಾಗಿ ಓಡಿಸುವವರಿಗೆ ಒಂದು ಮಾತು: ನಿಮ್ಮ ಸಾಮಾನ್ಯ ಲಾಗಿನ್‌ನಲ್ಲಿ ಕಾಣುವ ಝೆಡ್ ಡ್ರೈವ್ ಅಡ್ಮಿನಿಸ್ಟ್ರೇಟರ್ ಕಿಟಕಿಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ಮೊದಲು ಒಂದೇ ಮಶಿನ್ನಿನಲ್ಲಿ ಓಡಿಸಿ, ವಿದ್ಯಾರ್ಥಿಯ ಲಾಗಿನ್‌ನಿಂದ ತೆರೆದು ನೋಡಿ, ಆಮೇಲೆ ಉಳಿದವು. ಮಶಿನ್ ಅರ್ಧದಲ್ಲಿ ನಿದ್ದೆ ಹೋಗದಂತೆ ಬ್ಯಾಚ್ ಫೈಲಿನ ಮೇಲ್ಭಾಗದಲ್ಲೇ ಪವರ್‌ಸಿಎಫ್‌ಜಿ /ಚೇಂಜ್ ಸ್ಟ್ಯಾಂಡ್‌ಬೈ-ಟೈಮೌಟ್-ಎಸಿ 0 ಎಂಬ ಸಾಲು ಹಾಕಿರಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಯುಪಿಎಸ್ ಬ್ಯಾಟರಿ ಸಾಕಷ್ಟು ಹೊತ್ತು ಬರುತ್ತದೆಯೇ ನೋಡಿಕೊಂಡು ಶುರು ಮಾಡಿ. ನಡುವೆ ಕರೆಂಟ್ ಹೋದರೆ ಎಂಎಸ್‌ಐ ಹಾಕಿದ್ದನ್ನು ಮುಂದಿನ ಸಲ ಬಹುಪಾಲು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಎನ್‌ಎಸ್‌ಐಎಸ್‌ಗೆ ಆ ಬುದ್ಧಿ ಇಲ್ಲ, ಅರ್ಧ ಹಾಕಿದ್ದು ಅರ್ಧವೇ ಉಳಿಯುತ್ತದೆ, ಅದರ ಮೇಲೆಯೇ ಇನ್ನೊಮ್ಮೆ ಹಾಕಬೇಕು.

ತೆಗೆಯುವುದಕ್ಕೂ ಇದೇ ದಾರಿ. ಎಂಎಸ್‌ಐ ಆದರೆ /ಐ ಬದಲು /ಎಕ್ಸ್. ಇಎಕ್ಸ್‌ಇ ಆದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಲಿಯ ಕೆಳಗೆ ಆ ಪ್ರೋಗ್ರಾಮಿನ ಹೆಸರು ಹುಡುಕಿ. ಕ್ವಯಟ್‌ಅನ್‌ಇನ್‌ಸ್ಟಾಲ್‌ಸ್ಟ್ರಿಂಗ್ ಎಂಬುದು ಸಿಕ್ಕರೆ ಅದನ್ನು ಹಾಗೇ ನಕಲು ಮಾಡಿ ಓಡಿಸಿದರಾಯಿತು. ಏನೇನು ಹಾಕಿದೆ ಎಂಬ ಪಟ್ಟಿ ಬೇಕೆಂದು ವಿನ್32_ಪ್ರಾಡಕ್ಟ್ ಕೇಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಬೇಡ. ಅದು ಬರೀ ಪಟ್ಟಿ ಕೊಡುವುದಿಲ್ಲ, ಹಾಕಿದ ಪ್ರತಿ ಎಂಎಸ್‌ಐಯನ್ನೂ ತಪಾಸಣೆ ಮಾಡಿ ಬೇಕೆನಿಸಿದರೆ ರಿಪೇರಿಗೂ ಕೂರುತ್ತದೆ. ಪಟ್ಟಿಯನ್ನು ರಿಜಿಸ್ಟ್ರಿಯಿಂದಲೇ ತೆಗೆಯಿರಿ, 32 ಬಿಟ್ ಪ್ರೋಗ್ರಾಮುಗಳು ವಾವ್6432ನೋಡ್ ಕೆಳಗೆ ಇರುತ್ತವೆ.

ನಾನು ಪ್ರತಿ ಸಾಫ್ಟ್‌ವೇರಿನ ಆವೃತ್ತಿ, ಅದಕ್ಕೆ ಹಾಕಿದ ಸ್ವಿಚ್ಚು, ಬಂದ ಸಂಖ್ಯೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಆವೃತ್ತಿ ಬದಲಾದಾಗ ಸ್ವಿಚ್ಚು ಬದಲಾಗಿದೆಯೇ ಎಂದು ಒಂದು ಮಶಿನ್ನಿನಲ್ಲಿ ಮತ್ತೆ ನೋಡಿ, ಹಳೆಯ ಸಾಲು ಹೊಡೆದು ಹೊಸದು ಬರೆಯುತ್ತೇವೆ. ಈಚೆಗೆ ಆ ಹುಡುಗನೇ ಬರೆಯುತ್ತಾನೆ, ನನ್ನ ಅಕ್ಷರ ಅವನಿಗೆ ಓದಲು ಬರುವುದಿಲ್ಲವಂತೆ.